ಬೆನ್ನ ಮೇಲಿನ ಬಿಸಿಲು

ನಮ್ಮ ಕರಾವಳಿಯಲ್ಲಿ ಸೂರ್ಯ ಹುಟ್ಟುವುದು ಘಟ್ಟದ ಹಿಂದೆ, ಮುಳುಗುವುದು ಕಡಲಿನಲ್ಲಿ. ಮೂರನೆಯ ತರಗತಿಯ ಮಗುವಿಗೂ ಗೊತ್ತಿರುವ ಸಂಗತಿ ಇದು. ಆದರೂ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ಆರೇಳು ಬೇಸಿಗೆ ಉಡುಪಿ, ಕುಂದಾಪುರದ ಕಡಲತಡಿಗಳಲ್ಲಿ ಅಲೆದ ಮೇಲಷ್ಟೇ ಇದು ನನ್ನ ತಲೆಗೆ ಹೊಕ್ಕಿತು. ಸಂಜೆ ಕಡಲಿಗೆ ಮುಖ ಮಾಡಿ ನಿಂತವನ ಕಣ್ಣಿಗೆ ಬೆಳಕು ನೇರವಾಗಿ ಹೊಡೆಯುತ್ತದೆ. ಆ ಹೊತ್ತಿನಲ್ಲಿ ನೀರಿನಂಚಿನ ಮನುಷ್ಯ, ದೋಣಿ, ನಾಯಿ, ಹಕ್ಕಿ ಎಲ್ಲವೂ ಕಪ್ಪು ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತವೆ. ಬೆಳಿಗ್ಗೆಯಾದರೆ ಬಿಸಿಲು ತೆಂಗಿನ ತೋಟದ ಮೇಲಿಂದ ಇಳಿದು ಬೆನ್ನನ್ನು ಮುಟ್ಟುತ್ತದೆ, ಎದುರಿಗಿರುವ ಹಕ್ಕಿಯ ಗರಿಗಳನ್ನು ಒಂದೊಂದಾಗಿ ಎಣಿಸಬಹುದು. ಆದರೆ ಪ್ರವಾಸಕ್ಕೆ ಬಂದವರು ಕಡಲಿಗೆ ಹೋಗುವ ಹೊತ್ತು ಸಂಜೆ. ಬೆಳಿಗ್ಗೆ ಅವರು ನಿದ್ದೆಯಲ್ಲಿರುತ್ತಾರೆ, ಎದ್ದ ಮೇಲೆ ನೀರುದೋಸೆಯ ಚಿಂತೆಯಲ್ಲಿರುತ್ತಾರೆ.

ನಾನೂ ಹಲವು ವರ್ಷ ಹಾಗೆಯೇ ಇದ್ದೆ. ನನ್ನ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಇರುವ ಸೂರ್ಯಾಸ್ತಗಳ ಸಂಖ್ಯೆಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮಲ್ಪೆಯ ಸೂರ್ಯಾಸ್ತಕ್ಕೂ ಕಾಪುವಿನ ದೀಪಸ್ತಂಭದ ಪಕ್ಕದ ಸೂರ್ಯಾಸ್ತಕ್ಕೂ ವ್ಯತ್ಯಾಸ ಹೇಳಬೇಕೆಂದರೆ ದೀಪಸ್ತಂಭವೊಂದೇ ಆಧಾರ. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಸೌಪರ್ಣಿಕಾ, ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ನಡುವೆ ಹೆದ್ದಾರಿ ಎಂಬ ಅಪರೂಪದ ನೋಟವಿದ್ದರೂ ನಾನು ಅಲ್ಲಿ ತೆಗೆದದ್ದು ಕೆಂಪು ತಟ್ಟೆಯೊಂದು ನೀರಿಗೆ ಬೀಳುತ್ತಿರುವ ಚಿತ್ರವನ್ನೇ, ಅದೂ ಕಡಲಿನ ಗೆರೆ ಒಂದು ಕಡೆ ವಾಲಿ, ನೀರೆಲ್ಲ ಗೋವಾದ ಕಡೆಗೆ ಸೋರಿಹೋಗುತ್ತಿರುವ ಹಾಗೆ. ಸಮುದ್ರದ ಚಿತ್ರ ತೆಗೆಯುವವನ ಮೊದಲ ಕರ್ತವ್ಯ ಆ ಗೆರೆಯನ್ನು ನೇರವಾಗಿಡುವುದು ಎಂದು ಕಲಿಯಲು ನನಗೆ ಎರಡು ಬೇಸಿಗೆ ಬೇಕಾಯಿತು.

ಸೇಂಟ್ ಮೇರೀಸ್ ದ್ವೀಪದಲ್ಲಿ ಆದದ್ದು ಇನ್ನೊಂದು ಬಗೆಯ ಪಾಠ. ಭಾರತವೂ ಮಡಗಾಸ್ಕರವೂ ಒಂದನ್ನೊಂದು ಬಿಟ್ಟು ದೂರವಾದ ಕಾಲದಲ್ಲಿ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿ ಬಂದ ಲಾವಾ ತಣಿದು ಬಿರಿದು ನಿಂತ ಕಂಬಗಳು ಅಲ್ಲಿವೆ. ಹೆಚ್ಚಿನವು ಆರು ಮೂಲೆಯವು, ಜೇನುಗೂಡನ್ನು ಕಲ್ಲಿನಲ್ಲಿ ಎರಕ ಹೊಯ್ದಂತೆ. ಆದರೆ ಪ್ರವಾಸಿಗರನ್ನು ಮಲ್ಪೆಯಿಂದ ಕರೆದೊಯ್ಯುವ ದೋಣಿ ಹೊರಡುವ ಹೊತ್ತಿಗೆ ಬಿಸಿಲು ಏರಿರುತ್ತದೆ, ನೆತ್ತಿಯ ಮೇಲಿನ ಬೆಳಕಿನಲ್ಲಿ ಕಲ್ಲು ಕಪ್ಪಗೆ, ಚಿಪ್ಪು ತುಂಬಿದ ದಂಡೆ ಬೆಳ್ಳಗೆ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಹೋದರೆ ಕ್ಯಾಮೆರಾ ಕಕ್ಕಾಬಿಕ್ಕಿಯಾಗುತ್ತದೆ. ಹೊಳೆಯುವ ಮರಳನ್ನು ಕಂಡ ಕೂಡಲೇ ಅದು ಬೆಳಕು ಹೆಚ್ಚಾಯಿತೆಂದು ತಾನೇ ತೀರ್ಮಾನಿಸಿ ಇಡೀ ಚಿತ್ರವನ್ನು ಬೂದಿ ಬಣ್ಣಕ್ಕೆ ಇಳಿಸಿಬಿಡುತ್ತದೆ. ಮರಳು ಮರಳಿನಂತೆ ಕಾಣಬೇಕಾದರೆ ಅದರ ಮಾತನ್ನು ಮೀರಿ ಬೆಳಕನ್ನು ಒಂದು ಸ್ಟಾಪಿನಷ್ಟು, ಅಂದರೆ ಎರಡು ಪಟ್ಟು, ಏರಿಸಬೇಕು.

ಹಕ್ಕಿಯ ಹುಚ್ಚು ಹಿಡಿದದ್ದು ಕೋಡಿ ಬೆಂಗ್ರೆಯಲ್ಲಿ. ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಆ ಅಳಿವೆಯ ಬಾಯಿಯಲ್ಲಿ ಮರಳಿನ ದಿಬ್ಬಗಳಿವೆ. ಏಪ್ರಿಲಿನ ಒಂದು ಮುಂಜಾನೆ, ಸೆಕೆಗೆ ನಿದ್ದೆ ಬಾರದೆ ಎದ್ದು ಹೋದವನಿಗೆ ದಿಬ್ಬದ ಮೇಲಿನ ಬೆಣಚುಕಲ್ಲುಗಳು ಓಡುತ್ತಿರುವಂತೆ ಕಂಡಿತು. ಮೈನಾಕ್ಕಿಂತ ತುಸು ಚಿಕ್ಕದಾದ, ದೊಡ್ಡ ಕಣ್ಣಿನ, ಗಿಡ್ಡ ಕೊಕ್ಕಿನ ಹಕ್ಕಿಗಳು. ಹಕ್ಕಿ ನೋಡುವವರು ಇವನ್ನು ಸ್ಯಾಂಡ್ ಪ್ಲೋವರ್ ಎನ್ನುತ್ತಾರೆ. ಇವುಗಳ ನಡೆಗೆ ಒಂದು ತಾಳವಿದೆ. ಐದಾರು ಹೆಜ್ಜೆ ದಡದಡ ಓಡುತ್ತವೆ, ಏನೋ ಮರೆತವರಂತೆ ತಟ್ಟನೆ ನಿಲ್ಲುತ್ತವೆ, ನೋಡುತ್ತವೆ, ಕುಕ್ಕುತ್ತವೆ, ಮತ್ತೆ ಓಡುತ್ತವೆ. ಕಣ್ಣಿನಿಂದ ಹುಡುಕಿ ತಿನ್ನುವ ಹಕ್ಕಿ ನಿಂತಲ್ಲದೆ ನೋಡಲಾರದು. ಉದ್ದ ಕೊಕ್ಕಿನ ಗಾಡ್‌ವಿಟ್ಟಿನಂಥವು ಹಾಗಲ್ಲ, ಕೆಸರಿನೊಳಗೆ ಕೊಕ್ಕು ಚುಚ್ಚಿ ತಡಕಾಡುತ್ತವೆ. ಪ್ಲೋವರಿನ ಚಿತ್ರ ತೆಗೆಯುವವನು ಈ ತಾಳವನ್ನು ಬಾಯಿಪಾಠ ಮಾಡಿಕೊಂಡರೆ ಸಾಕು. ಓಡುವಾಗ ಬೆರಳು ಬಿಗಿಹಿಡಿದು, ನಿಂತಾಗ ಒತ್ತಬೇಕು. ನಾನು ಮೊದಮೊದಲು ಓಡುವಾಗ ಒತ್ತಿ, ನಿಂತಾಗ ತೆಗೆದದ್ದು ಹೇಗೆ ಬಂದಿದೆಯೆಂದು ಪರದೆ ನೋಡುತ್ತಿದ್ದೆ.

ಬೇಸಿಗೆಯಲ್ಲಿ ಕರಾವಳಿಗೆ ಯಾರು ಹೋಗುತ್ತಾರೆ ಎಂದು ಮೂಗು ಮುರಿಯುವವರಿಗೆ ಈ ಹಕ್ಕಿಯನ್ನು ತೋರಿಸಬೇಕು. ಚಳಿಗಾಲವೆಲ್ಲ ಇದು ಮಣ್ಣಿನ ಬಣ್ಣದ, ಯಾರ ಕಣ್ಣಿಗೂ ಬೀಳದ ಸಾಧು ಜೀವಿ. ಮಾರ್ಚ್ ಕಳೆಯುತ್ತಿದ್ದಂತೆ ಗಂಡಿನ ಎದೆಯ ಮೇಲೆ ಕಾವಿಕೆಂಪಿನ ಪಟ್ಟಿಯೊಂದು ಮೆಲ್ಲನೆ ಹರಡುತ್ತದೆ, ಕಣ್ಣಿನ ಸುತ್ತ ಕಪ್ಪು ಮುಖವಾಡ ಮೂಡುತ್ತದೆ. ಅದರ ಮದುವೆಯ ಮಂಟಪ ಲಡಾಖ್, ಟಿಬೆಟ್ಟಿನ ಎತ್ತರದ ಬಯಲುಗಳಲ್ಲಿ. ಆ ದೂರದ ಮದುವೆಗೆ ಸಿಂಗಾರವನ್ನು ಇಲ್ಲಿಯೇ, ನಮ್ಮ ಸೆಕೆಯಲ್ಲಿಯೇ ಮುಗಿಸಿಕೊಂಡು ಹೊರಡುತ್ತದೆ. ಆ ಬೆಳಿಗ್ಗೆ ಗುಂಪಿನಲ್ಲಿ ಒಂದು ಪೂರ್ತಿ ಕೆಂಪಾಗಿತ್ತು, ಒಂದಕ್ಕೆ ಎದೆಯ ಮೇಲೆ ಅಲ್ಲಲ್ಲಿ ತುಕ್ಕಿನ ಕಲೆಗಳಿದ್ದವು, ಮತ್ತೊಂದು ಇನ್ನೂ ಡಿಸೆಂಬರಿನಲ್ಲೇ ಇತ್ತು. ನಮ್ಮ ಮನೆಯಲ್ಲಿ ಮದುವೆಗೆ ಹೊರಡುವ ದಿನದ ಸ್ಥಿತಿಯೂ ಇದೇ, ಕೊನೆಯ ಉಪಮೆ ಯಾರಿಗೆ ಸಲ್ಲುತ್ತದೆ ಎಂದು ನಾನು ಬರೆಯುವುದಿಲ್ಲ.

ನಿಂತುಕೊಂಡು ತೆಗೆದ ಹಕ್ಕಿಯ ಚಿತ್ರದಲ್ಲಿ ಬೆನ್ನು ಮತ್ತು ಮರಳು ಬಿಟ್ಟರೆ ಬೇರೇನೂ ಇರುವುದಿಲ್ಲ. ಅದರ ಕಣ್ಣಿನ ಮಟ್ಟಕ್ಕೆ ನಮ್ಮ ಕಣ್ಣು ಇಳಿಯಬೇಕು, ಅಂದರೆ ಒದ್ದೆ ಮರಳಿನ ಮೇಲೆ ಹೊಟ್ಟೆ ಊರಿ ಮಲಗಬೇಕು. ನೇರವಾಗಿ ನಡೆದುಹೋದರೆ ಗುಂಪೆಲ್ಲ ಎದ್ದು ಹಾರುತ್ತದೆ, ಹಾಗೆ ಹಾರಿಸುವುದು ಅನ್ಯಾಯವೂ ಹೌದು, ಏಕೆಂದರೆ ಹಿಮಾಲಯ ದಾಟಬೇಕಾದ ಹಕ್ಕಿ ಈ ವಾರಗಳಲ್ಲಿ ಮೈಯಲ್ಲಿ ಕೊಬ್ಬು ಕೂಡಿಡುತ್ತಿರುತ್ತದೆ, ಪ್ರತಿ ಹಾರಾಟವೂ ಆ ಗಂಟಿನಿಂದ ಕಳೆಯುವ ಖರ್ಚು. ಅದಕ್ಕಿಂತ ಒಳ್ಳೆಯ ಉಪಾಯವನ್ನು ಕಡಲೇ ಮಾಡಿಕೊಡುತ್ತದೆ. ಇಳಿತದಲ್ಲಿ ಹಕ್ಕಿಗಳು ದೂರದ ಕೆಸರಿನ ತುಂಬ ಚದುರಿರುತ್ತವೆ. ನೀರು ಏರತೊಡಗಿದಾಗ ಹೆಜ್ಜೆ ಹೆಜ್ಜೆಗೆ ಹಿಂದೆ ಸರಿದು ದಿಬ್ಬದ ಮೇಲೆ ಒತ್ತಾಗುತ್ತವೆ. ದಿಬ್ಬದ ಅಂಚಿನಲ್ಲಿ ಮೊದಲೇ ಹೋಗಿ ಅಲುಗಾಡದೆ ಬಿದ್ದುಕೊಂಡವನ ಬಳಿಗೆ ನೀರೇ ಅವನ್ನು ಅಟ್ಟಿಕೊಂಡು ಬರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ಬೆಳಗಿನ ಬೆಳಕೂ ಏರುವ ನೀರೂ ಕೂಡಿಬರುವ ದಿನಗಳು ಹದಿನೈದು ದಿನಕ್ಕೆ ಮೂರೋ ನಾಲ್ಕೋ. ರಜೆಯ ಅರ್ಜಿಯಲ್ಲಿ ಇದನ್ನು ಕಾರಣವೆಂದು ಬರೆಯುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಮಲಗಿದಾಗ ಕಾಣುವ ಲೋಕವೇ ಬೇರೆ. ಮೂಗಿನಿಂದ ಒಂದು ಗೇಣು ದೂರದಲ್ಲಿ, ಸಾಸಿವೆಗಿಂತ ತುಸು ದೊಡ್ಡ ಮರಳಿನ ಉಂಡೆಗಳು ಬಿಲವೊಂದರ ಸುತ್ತ ರಂಗೋಲಿಯ ಎಳೆಗಳಂತೆ ಹರಡಿದ್ದವು. ಬಿಲದ ಒಡೆಯ ಉದ್ದಿನ ಕಾಳಿನಷ್ಟು ಗಾತ್ರದ ಏಡಿ; ಮರಳನ್ನು ಬಾಯಿಗೆ ಹಾಕಿ, ಅದರಲ್ಲಿನ ಅನ್ನವನ್ನು ಸೋಸಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಬದಿಗಿಡುತ್ತಿತ್ತು. ನನ್ನ ರೆಪ್ಪೆ ಅಲುಗಿದರೂ ಬಿಲದೊಳಗೆ ಮಾಯ. ಅದನ್ನೇ ನೋಡುತ್ತ ಮೈಮರೆತಿದ್ದಾಗ ಬೆನ್ನ ಹಿಂದಿನಿಂದ ದನಿ ಬಂತು: “ಎಂತ ಮಾರಾಯ್ರೆ, ಉಂಗುರ ಬಿದ್ದುಹೋಯ್ತಾ?” ಹೆಗಲ ಮೇಲೆ ಬಲೆ ಹೊತ್ತ ವಯಸ್ಸಾದ ಮೀನುಗಾರರೊಬ್ಬರು ನಿಂತಿದ್ದರು. ಇಲ್ಲ, ಹಕ್ಕಿ ಎಂದು ನಾನು ಪಿಸುಗುಟ್ಟಿದ್ದು ಅವರಿಗೆ ಕೇಳಿಸಲಿಲ್ಲ. ಸಿಗ್ತದೆ ಬಿಡಿ ಎಂದು ಸಮಾಧಾನ ಹೇಳಿ ಹೋದರು. ಅಷ್ಟರಲ್ಲಿ ಹಕ್ಕಿಗಳನ್ನು ಅಟ್ಟಿಕೊಂಡು ಬರಬೇಕಾಗಿದ್ದ ನೀರು ನನ್ನನ್ನೇ ಅಟ್ಟಿತು; ಅಲೆಯೊಂದು ಅಂಗಿಯೊಳಗೆ ಹೊಕ್ಕು, ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದು ನಾನು ಏಳುವಷ್ಟರಲ್ಲಿ ದಿಬ್ಬ ಖಾಲಿ.

ಉಪ್ಪು, ಮರಳು, ಸೆಕೆ ಈ ಮೂರೂ ಕ್ಯಾಮೆರಾದ ಶತ್ರುಗಳು. ಒಮ್ಮೆ ಲೆನ್ಸಿನ ಕೊಳವೆಯೊಳಗೆ ಸೇರಿದ ಮರಳು ಕಾಫಿಪುಡಿ ಯಂತ್ರದಂತೆ ಗರಗರ ಎಂದದ್ದು ಈಗಲೂ ಕಿವಿಯಲ್ಲಿದೆ. ಇನ್ನೊಮ್ಮೆ ಎ.ಸಿ. ಕೋಣೆಯಿಂದ ನೇರವಾಗಿ ದಂಡೆಗೆ ತಂದ ಲೆನ್ಸಿನ ಮೇಲೆ ಹಬೆ ಕಟ್ಟಿ, ಅದು ಆರುವವರೆಗೂ ನಾನು ಒರೆಸುತ್ತ ಕುಳಿತಿದ್ದೆ. ಆ ದಿನ ಬೆಳಕು ಎಂದಿಲ್ಲದಷ್ಟು ಚೆನ್ನಾಗಿತ್ತು. ಈಗ ರಾತ್ರಿಯೇ ಕ್ಯಾಮೆರಾ ಚೀಲವನ್ನು ವರಾಂಡದಲ್ಲಿಡುತ್ತೇನೆ. ಎಷ್ಟು ಎಚ್ಚರವಿದ್ದರೂ ಒಂಬತ್ತು ಗಂಟೆ ದಾಟಿದ ಮೇಲೆ ಮಾಡುವುದಕ್ಕೇನೂ ಉಳಿಯುವುದಿಲ್ಲ. ಕಾದ ಮರಳಿನ ಮೇಲಿನ ಗಾಳಿ ಬಿಸಿ ಕಾವಲಿಯ ಮೇಲಿನಂತೆ ನಡುಗಿ, ಎಂಥ ದುಬಾರಿ ಲೆನ್ಸಿನಲ್ಲಿಯೂ ಹಕ್ಕಿ ನೀರಿನೊಳಗೆ ಇರುವಂತೆ ಕದಡುತ್ತದೆ.

ಮರುದಿನ ಅದೇ ಜಾಗದಲ್ಲಿ, ಅಲೆಗೆ ಎರಡು ಮಾರು ಹೆಚ್ಚು ಮರ್ಯಾದೆ ಕೊಟ್ಟು ಮಲಗಿದೆ. ನೀರು ಏರಿತು, ಗುಂಪು ಹಿಂದೆ ಸರಿಯುತ್ತ ಬಂತು, ಕೆಂಪು ಎದೆಯ ಗಂಡು ನನ್ನಿಂದ ನಾಲ್ಕು ಮಾರು ದೂರದಲ್ಲಿ ಓಡಿ ಬಂದು ನಿಂತಿತು. ಅದರ ಕಣ್ಣಿನಲ್ಲಿ ತೆಂಗಿನ ತೋಟವೂ ಬೆಳಗಿನ ಆಕಾಶವೂ ಒಂದು ಬೆಳಕಿನ ಚುಕ್ಕೆಯಾಗಿ ಕುಳಿತಿದ್ದವು. ಆ ಮೂರು ನಿಮಿಷದಲ್ಲಿ 200ಕ್ಕೂ ಹೆಚ್ಚು ಚಿತ್ರ ತೆಗೆದೆ, ನೆಟ್ಟಗೆ ಬಂದದ್ದು ಎರಡು. ಮನೆಯವರ ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸಿದಾಗ ಭಾವ ಮಾತ್ರ ಉತ್ತರ ಬರೆದರು, ಸೂರ್ಯಾಸ್ತ ತೆಗೆಯಲಿಲ್ಲವೇ ಎಂದು.

ಎದ್ದು ಮರಳು ಕೊಡವಿಕೊಳ್ಳುತ್ತಿರುವಾಗ ಹಿಂದಿನ ದಿನದ ಮೀನುಗಾರರು ಅದೇ ಹಾದಿಯಲ್ಲಿ ಬಂದರು. “ಇನ್ನೂ ಸಿಗಲಿಲ್ವಾ?” ಎಂದರು. ನಾನು ಕ್ಯಾಮೆರಾದ ಪರದೆಯನ್ನು ಅವರ ಕಡೆ ತಿರುಗಿಸಿದೆ. ಅಂಗೈಯನ್ನು ಬಿಸಿಲಿಗೆ ಮರೆ ಹಿಡಿದು ಬಹಳ ಹೊತ್ತು ನೋಡಿದರು.

“ಇದಾ? ಇದು ಮಳೆ ಹಿಡಿಯುವ ಮೊದಲೇ ಹೋಗ್ತದೆ ಮಾರಾಯ್ರೆ. ಚೌತಿ ಹೊತ್ತಿಗೆ ಪುನಃ ಬರ್ತದೆ.” ಬಲೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ದಿಬ್ಬದ ಮೇಲಿನ ಗುಂಪು ಏಳದಂತೆ ಒಂದಿಷ್ಟು ಸುತ್ತು ಹಾಕಿ ದೋಣಿಯ ಕಡೆಗೆ ಹೋದರು.