ಅತಿಥಿಯ ಪಾಲಿನ ಕೆಲಸ

ಮದುವೆ ಮನೆಗೆ ಬಂದ ನೆಂಟರು "ನಾನೂ ಏನಾದ್ರೂ ಮಾಡ್ಲಾ?" ಅಂದರೆ ಪಳಗಿದ ಯಜಮಾನಿ ಅವರ ಕೈಗೆ ಸೌಟು ಕೊಡುವುದಿಲ್ಲ. ತಾಂಬೂಲದ ಚೀಲಕ್ಕೆ ತೆಂಗಿನಕಾಯಿ ಹಾಕಲು ಕೂರಿಸುತ್ತಾಳೆ. ಕೆಲಸವೂ ಕೆಡಬಾರದು, ನೆಂಟರ ಮನಸ್ಸೂ ಕೆಡಬಾರದು. ಜಪಾನಿನಲ್ಲಿ ಪ್ರವಾಸಿಗರಿಗೆಂದು ನಡೆಸುವ ಕರಕುಶಲ ಕಾರ್ಯಾಗಾರಗಳು ನಿಂತಿರುವುದು ಈ ಜಾಣತನದ ಮೇಲೆಯೇ.

ಫುಕುಯಿ ಪ್ರಾಂತ್ಯದ ಎಚಿಜೆನ್ ಕೈಕಾಗದಕ್ಕೆ ಹೆಸರಾದ ಸೀಮೆ. ಕೊಜೊ ಗಿಡದ ತೊಗಟೆ ಸುಲಿದು, ಕ್ಷಾರದಲ್ಲಿ ಬೇಯಿಸಿ, ತಣ್ಣೀರಿನಲ್ಲಿ ಒಂದೊಂದೇ ಕಸ ಹೆಕ್ಕಿ, ಬಡಿದು ನಾರು ಬಿಡಿಸುವ ಸೊಂಟ ಮುರಿಯುವ ಕೆಲಸವೆಲ್ಲ ನಾವು ಬರುವ ಮುಂಚೆಯೇ ಮುಗಿದಿರುತ್ತದೆ. ನಮಗೆ ಉಳಿದದ್ದು ಜರಡಿಯಂಥ ಚೌಕಟ್ಟನ್ನು ತೊಟ್ಟಿಗೆ ಅದ್ದಿ, ಎತ್ತಿ, ಅಲ್ಲಾಡಿಸುವುದು. ಕಸುಬಿನವರ ತೊಟ್ಟಿಯ ನೀರಿಗೆ ತೊರೊರೊ ಆಓಯಿ ಎಂಬ ಗಿಡದ ಬೇರಿನ ಲೋಳೆ ಬೆರೆತಿರುತ್ತದೆ. ಈ ಗಿಡ ನಮ್ಮ ಬೆಂಡೆಯ ದಾಯಾದಿ. ಲೋಳೆ ಇದ್ದರೆ ನಾರು ತಳ ಹಿಡಿಯುವುದಿಲ್ಲ, ನೀರು ನಿಧಾನಕ್ಕೆ ಸೋರುತ್ತದೆ, ಹಾಳೆ ಸಮನಾಗಿ ಕೂರಲು ಪುರುಸೊತ್ತು ಸಿಗುತ್ತದೆ. ಬೆಂಡೆಕಾಯಿ ಪಲ್ಯದ ಲೋಳೆ ಹೋಗಲಿ ಅಂತ ಹುಳಿ ಹಿಂಡುವ ನಮ್ಮ ಅಡುಗೆಮನೆಗಳು ಇದನ್ನು ಕೇಳಿದರೆ ಏನನ್ನಬೇಕು! ಪ್ರವಾಸಿಗರ ಹಾಳೆಯ ಮೇಲೆ ಒಣಗಿದ ಎಲೆ, ಹೂವಿನ ಪಕಳೆ ಇಡಿಸುತ್ತಾರೆ. ಅಲಂಕಾರ ಅಂತ ಹೇಳುತ್ತಾರೆ. ಹಾಳೆ ಎಲ್ಲಿ ದಪ್ಪಗಾಗಿದೆಯೋ ಪಕಳೆ ಅಲ್ಲಿಗೇ ಬಂದು ಕೂರುವಂತೆ ನೋಡಿಕೊಳ್ಳುವುದೂ ಒಂದು ಉಪಚಾರವೇ ಇರಬೇಕೆಂದು ನನ್ನ ಗುಮಾನಿ.

ಒಡೆದ ಬಟ್ಟಲನ್ನು ಬಂಗಾರದ ಗೆರೆಯಲ್ಲಿ ಕೂಡಿಸುವ ಕಿನ್ತ್ಸುಗಿಗೆ ಇನ್ನೂ ಗಿರಾಕಿ ಜಾಸ್ತಿ. ನಿಜವಾದ ಕಿನ್ತ್ಸುಗಿಗೆ ಉರುಶಿ ಮರದ ಸೊನೆ ಬೇಕು. ಗೇರು, ಮಾವಿನ ಕುಟುಂಬದ್ದೇ ಮರ ಅದು. ಗೇರುಬೀಜದ ಎಣ್ಣೆ ತಾಗಿ ಕೈ ಸುಲಿಸಿಕೊಂಡ ಕರಾವಳಿಯವರಿಗೆ ಹೆಚ್ಚು ಹೇಳಬೇಕಿಲ್ಲ, ಹಸಿ ಉರುಶಿ ಮೈಗೆ ತಾಗಿದರೂ ತುರಿಕೆ, ಬೊಕ್ಕೆ. ಅದು ಗಟ್ಟಿಯಾಗಲು ಬಿಸಿಲು ಬೇಡ, ತೇವದ ಗಾಳಿ ಬೇಕು, ವಾರಗಟ್ಟಲೆ ಕಾಯಬೇಕು. ಪ್ರವಾಸಿಗರಿಗೆ ಸಂಜೆ ರೈಲು. ಆದ್ದರಿಂದ ಬಹಳಷ್ಟು ಕಡೆ ಸೊನೆಯ ಬದಲು ರಾಸಾಯನಿಕ ಅಂಟು, ಬಂಗಾರದ ಬದಲು ಹಿತ್ತಾಳೆ ಪುಡಿ. ಇದನ್ನು ಮೋಸ ಅನ್ನಲಾರೆ, ಆದರೆ ಆ ಬಟ್ಟಲಲ್ಲಿ ಚಹಾ ಕುಡಿಯುವ ಮುಂಚೆ "ಇದರಲ್ಲಿ ಕುಡಿಯಬಹುದಾ?" ಅಂತ ಕಲಿಸಿದವರನ್ನೊಮ್ಮೆ ಕೇಳುವುದು ಒಳ್ಳೆಯದು.

ನನಗೆ ಹಿಡಿಸಿದ್ದು ನರುಕೊ. ಮಿಯಾಗಿ ಪ್ರಾಂತ್ಯದ ಬಿಸಿನೀರ ಬುಗ್ಗೆಗಳ ಊರು. ಹಿಂದೆ ಸ್ನಾನಕ್ಕೆಂದು ಬಂದವರು ಮಕ್ಕಳಿಗೆ ಒಯ್ಯುತ್ತಿದ್ದ ಮರದ ಗೊಂಬೆ ಕೊಕೆಶಿ. ಕೈಕಾಲಿಲ್ಲ, ಉರುಟು ತಲೆ, ನಡುವಲ್ಲಿ ತುಸು ಸಣ್ಣಗಾದ ಮೈ ಅಷ್ಟೇ. ಲೇತ್ ಮೇಲೆ ಮೈ ಗಿರ್ರನೆ ತಿರುಗುತ್ತಿರುವಾಗಲೇ ತಲೆಯನ್ನು ಅದರ ಕುಳಿಗೆ ಒತ್ತಿ ಕೂರಿಸುತ್ತಾರೆ. ಆಮೇಲೆ ತಲೆ ತಿರುಗಿಸಿದರೆ ಕೀಚ್ ಅನ್ನುತ್ತದೆ. ಊರಿಗೆ ಊರೇ ಹೆಮ್ಮೆಪಡುವ ಸದ್ದು ಅದು. ನಮಗೆ ಉಳಿ ಮುಟ್ಟಲು ಕೊಡುವುದಿಲ್ಲ. ಸಿದ್ಧವಾದ ಬಿಳಿ ಗೊಂಬೆ, ಕುಂಚ, ಕೆಂಪು, ಹಸಿರು, ಕಪ್ಪು ಬಣ್ಣ ಮುಂದಿಡುತ್ತಾರೆ. ಸೇವಂತಿಗೆ ಹೂವು ಹೇಗೋ ಸಾಗುತ್ತದೆ, ಹೂವಿಗೆ ದಳ ಹೆಚ್ಚಾದರೆ ಯಾರು ಎಣಿಸುತ್ತಾರೆ? ಕಷ್ಟ ಇರುವುದು ಕಣ್ಣಿನಲ್ಲಿ. ಒಂದು ಸಣ್ಣ ಕಮಾನು, ಅದರಡಿ ಒಂದು ಚುಕ್ಕೆ. ಕುಂಚ ಅರೆಕ್ಷಣ ನಿಂತರೆ ಬಣ್ಣ ಮರದ ಎಳೆಗುಂಟ ಹರಿದುಬಿಡುತ್ತದೆ. ನಕ್ಕಂತೆ ಬರೆಯಲು ಹೊರಟದ್ದು ಯಾರನ್ನೋ ಗದರಿಸುವ ಮುಖವಾಗುತ್ತದೆ. ಮೇಜಿನ ಸುತ್ತ ಕೂತವರೆಲ್ಲ ಮೂಗು, ಬಾಯಿ, ಕೂದಲು ಮುಗಿಸಿ ಕಣ್ಣನ್ನು ಮುಂದೂಡುತ್ತಿದ್ದರು. ಅಂಗಡಿಯ ಅಜ್ಜ ಮಾತಾಡುತ್ತಲೇ, ನೋಡಿದನೋ ಇಲ್ಲವೋ ಅನ್ನುವಂತೆ, ತನ್ನ ಗೊಂಬೆಗೆ ಎರಡೂ ಕಣ್ಣು ಬರೆದು ಪಕ್ಕಕ್ಕಿಟ್ಟ. ಇಂಥ ಕಸುಬುಗಳನ್ನು ಪೋಷಿಸಲು ಜಪಾನ್ 1974ರಲ್ಲಿ ಕಾಯ್ದೆಯನ್ನೇ ಮಾಡಿದೆ. ಅದರಡಿ 'ಸಾಂಪ್ರದಾಯಿಕ ಕುಶಲಕರ್ಮಿ' ಪರೀಕ್ಷೆಗೆ ಕೂರಲಿಕ್ಕೇ 12 ವರ್ಷದ ಅನುಭವ ಬೇಕು. ನಮ್ಮ ಕೈಯಲ್ಲಿದ್ದದ್ದು ಒಂದು ಗಂಟೆಯ ಚೀಟಿ. ಹೊರಡುವಾಗ ಅಜ್ಜ ಗೊಂಬೆಯನ್ನು ಮತ್ತೆ ಲೇತ್‌ಗೆ ಸಿಕ್ಕಿಸಿ ಮೇಣ ಹಿಡಿದ. ನಮ್ಮ ಗದರುವ ಮುಖಗಳಿಗೂ ಅಂಗಡಿಯ ಗೊಂಬೆಗಳ ಹೊಳಪೇ ಬಂತು.

ದಸರೆಗೆ ನನ್ನ ಕೊಕೆಶಿಯನ್ನು ಗೊಂಬೆ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳ ಕೆಳಗೆ ಕೂರಿಸಿದ್ದೆ. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರು "ಚನ್ನಪಟ್ಟಣದ್ದಾ? ಯಾಕ್ರೀ ಇಷ್ಟು ಸಿಟ್ಟು ಇದಕ್ಕೆ?" ಅಂದರು. ಚನ್ನಪಟ್ಟಣ ಅಂದದ್ದು ಪೂರ್ತಿ ತಪ್ಪೂ ಅಲ್ಲ. ಅಲ್ಲಿನ ಗೊಂಬೆ ಕಸುಬಿಗೆ ಜಪಾನಿನ ವಿಧಾನ ತಂದವರು ಬಾವಾಸ್ ಮಿಯಾನ್ ಅಂತ ಊರವರು ಇಂದಿಗೂ ನೆನೆಯುತ್ತಾರೆ. ಹಾಗಾಗಿ ಎರಡಕ್ಕೂ ಏನೋ ನೆಂಟಸ್ತಿಕೆ ಇದ್ದೇ ಇದೆ. ನಾನು ಇದನ್ನೆಲ್ಲ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರ ಮಗಳು ಗೊಂಬೆಯನ್ನು ಎತ್ತಿಕೊಂಡಾಗಿತ್ತು. ಆರತಿ ಮುಗಿಯುವವರೆಗೂ ಕೀಚ್, ಕೀಚ್. ಚರ್ಪು ಕೊಟ್ಟರೂ ಕೆಳಗಿಡಲಿಲ್ಲ.