ಬೇಲೂರಿಗೆ ಒಂದು ಟಿಕೆಟ್

ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್. ಅದೇ ರಸ್ತೆಯಲ್ಲಿ ಇನ್ನೊಂದು 25 ಕಿಲೋಮೀಟರ್ ಹೋದರೆ ಚಿಕ್ಕಮಗಳೂರು. ನಾನು ಬೇಲೂರಿನವನು. ಕೆಲಸ ಹಾಸನದ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ. ಎಷ್ಟೋ ವರ್ಷ ನಾನು ಸಂಜೆ ಬಸ್ ಹತ್ತಿ, ಚಿಕ್ಕಮಗಳೂರಿಗೆ ಟಿಕೆಟ್ ತೆಗೆದುಕೊಂಡು, ಬೇಲೂರಿನಲ್ಲಿ ಇಳಿದಿದ್ದೇನೆ.

ನನಗೆ ಉಗ್ಗು ಇದೆ. ‘ಬ’ ಅಕ್ಷರ ತುಟಿಯಲ್ಲೇ ಸಿಕ್ಕಿಕೊಳ್ಳುತ್ತದೆ. ‘ಚ’ ಸಲೀಸಾಗಿ ಬರುತ್ತದೆ. ಕಂಡಕ್ಟರ್ ಹತ್ತಿರ ಬರುತ್ತಿದ್ದ ಹಾಗೆ ಎದೆ ಹೊಡೆದುಕೊಳ್ಳಲು ಶುರು. ಬೇ... ಬೇ... ಎಂದು ನಿಂತರೆ ಮುಂದಿನ ಸೀಟಿನವರು ತಿರುಗಿ ನೋಡುತ್ತಾರೆ, ಕಂಡಕ್ಟರ್ ‘ಬೇಗ ಹೇಳಿ ಸಾರ್’ ಅನ್ನುತ್ತಾನೆ, ಯಾರಾದರೂ ಕಿಸಕ್ಕನೆ ನಗುತ್ತಾರೆ. ಅದರ ಬದಲು ಜಾಸ್ತಿ ದುಡ್ಡು ಕೊಟ್ಟರೆ ಮುಗಿಯಿತಲ್ಲ ಅನ್ನಿಸುತ್ತಿತ್ತು. ಒಂದು ದಿನಕ್ಕೆ ಅದು ದೊಡ್ಡ ಮೊತ್ತವೇನಲ್ಲ. ಆದರೆ ವಾರಕ್ಕೆ ಆರು ದಿನ. ಒಮ್ಮೆ ಒಬ್ಬ ಕಂಡಕ್ಟರ್ ‘ಚಿಕ್ಕಮಗಳೂರು ಅಂದ್ರಲ್ಲ, ಇಲ್ಯಾಕೆ ಇಳೀತೀರಿ?’ ಎಂದು ಕೇಳಿದ. ‘ಇಲ್ಲಿ ಸ್ವಲ್ಪ ಕೆಲಸ ಇದೆ’ ಅಂದೆ. ನನ್ನ ಸ್ವಂತ ಊರಿನಲ್ಲಿ ಇಳಿಯಲು ನಾನು ಸುಳ್ಳು ಹೇಳಬೇಕಾಯಿತು.

ಹೋಟೆಲಿನಲ್ಲೂ ಇದೇ ಕತೆ. ಮಸಾಲೆ ದೋಸೆ ತಿನ್ನುವ ಆಸೆ. ‘ಮ’ ಬರುವುದಿಲ್ಲ. ಇಡ್ಲಿ ಎಂದು ಹೇಳುತ್ತಿದ್ದೆ. ನನಗೆ ಇಡ್ಲಿ ಅಂದರೆ ಪ್ರಾಣ ಎಂದು ಸ್ನೇಹಿತರೆಲ್ಲ ಇವತ್ತಿಗೂ ನಂಬಿದ್ದಾರೆ. ಅಂಗಡಿಯಲ್ಲಿ ಫೋನ್ ರಿಂಗಾದರೆ ಗೋದಾಮಿಗೆ ಹೋಗಿಬಿಡುತ್ತಿದ್ದೆ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ‘ಗೊತ್ತಿಲ್ಲ ಸಾರ್’ ಅಂದು ಏಟು ತಿಂದಿದ್ದೇನೆ. ಹೀಗೆ ಕೂಡಿಸುತ್ತಾ ಹೋದರೆ, ಉಗ್ಗಿನಿಂದ ನಾನು ಕಳೆದುಕೊಂಡದ್ದು ಕಡಿಮೆ. ಉಗ್ಗನ್ನು ಮುಚ್ಚಿಡಲು ಹೋಗಿ ಕಳೆದುಕೊಂಡದ್ದೇ ಜಾಸ್ತಿ.

‘ಜನ ಏನಂದುಕೊಂಡರೆ ನಿನಗೇನು, ತಲೆ ಕೆಡಿಸಿಕೊಳ್ಳಬೇಡ’ ಎಂದು ಎಲ್ಲರೂ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅದು ತಲೆಯಲ್ಲಿ ಅಂದುಕೊಂಡ ಮಾತ್ರಕ್ಕೆ ಆಗುವ ಕೆಲಸ ಅಲ್ಲ. ನಾನು ಸಾವಿರ ಸಲ ಅಂದುಕೊಂಡಿದ್ದೆ. ಕಂಡಕ್ಟರ್ ಎದುರು ನಿಂತಾಗ ಬಾಯಿಂದ ಮತ್ತೆ ‘ಚಿಕ್ಕಮಗಳೂರು’ ಅಂತಲೇ ಬಂತು.

ಕೊನೆಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಮೈಸೂರಿಗೆ ಹೋದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಆಯಿಷ್ ಅನ್ನುತ್ತಾರೆ. ನನ್ನ ತೊಂದರೆಯನ್ನು ಯಾರೋ ಗಂಡಾಂತರದ ಹಾಗೂ ನೋಡದೆ, ತಮಾಷೆಯ ಹಾಗೂ ನೋಡದೆ ವಿವರಿಸಿ ಹೇಳಿದ್ದು ಅದೇ ಮೊದಲು. ಮಕ್ಕಳಲ್ಲಿ ನೂರಕ್ಕೆ ಸುಮಾರು 5 ಮಂದಿ ಯಾವಾಗಲಾದರೂ ಉಗ್ಗುತ್ತಾರಂತೆ. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ, ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಳಿಯುತ್ತದೆ, ಅದೂ ಗಂಡಸರಿಗೇ ಜಾಸ್ತಿ. ಹೆದರಿಕೆಯಿಂದ ಬರುವ ಕಾಯಿಲೆ ಅಲ್ಲ ಅದು. ಮಾತಿನ ವೇಳೆಯನ್ನು ಮಿದುಳು ಹೊಂದಿಸುವ ರೀತಿಯಲ್ಲೇ ವ್ಯತ್ಯಾಸ ಇರುತ್ತದೆ, ವಂಶದಲ್ಲೂ ಬರುತ್ತದೆ. ಹಾಡುವಾಗ, ಗುಂಪಿನಲ್ಲಿ ಓದುವಾಗ, ಒಬ್ಬನೇ ಮಾತಾಡಿಕೊಳ್ಳುವಾಗ ಹೆಚ್ಚು ಕಡಿಮೆ ಮಾಯವಾಗುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆಯನ್ನು ತಡೆಯಿಲ್ಲದೆ ಹಾಡಿದ ಹುಡುಗ ಹಾಜರಿ ಕರೆದಾಗ ಯಾಕೆ ಸಿಕ್ಕಿಕೊಳ್ಳುತ್ತಿದ್ದ ಎಂಬುದು ಅವತ್ತು ಗೊತ್ತಾಯಿತು.

ಮನೆಗೆ ಬಂದು ಇದನ್ನು ಅಮ್ಮನಿಗೆ ಹೇಳಿದೆ. ಚಿಕ್ಕವನಿದ್ದಾಗ ಅಮ್ಮ ದಿನಾ ಬಜೆ ತೇಯ್ದು ನನ್ನ ನಾಲಿಗೆಗೆ ಹಚ್ಚುತ್ತಿದ್ದಳು. ಅದರ ಖಾರ ಇನ್ನೂ ನೆನಪಿದೆ. ನಾನು ಹೇಳಿದ್ದೆಲ್ಲ ಕೇಳಿ ಅಮ್ಮ ತುಂಬ ಹೊತ್ತು ಸುಮ್ಮನೆ ಕೂತಳು. ಆಮೇಲೆ, ‘ಹಾಗಾದ್ರೆ ನಾನು ಬಾಣಂತನದಲ್ಲಿ ಪಥ್ಯ ಮಾಡ್ಲಿಲ್ಲ ಅಂತ ಆಗಿದ್ದಲ್ವಾ?’ ಎಂದು ಕೇಳಿದಳು. ಯಾರೋ ನೆಂಟರು ಹಾಗೆ ಅಂದಿದ್ದರಂತೆ. ಅಂದವರು ಅಂದು ಹೋಗಿದ್ದರು. ಅಮ್ಮ ಆ ಮಾತನ್ನು ಮೂವತ್ತೈದು ವರ್ಷ ಹೊತ್ತಿದ್ದಳು. ನನಗೆ ಅವತ್ತು ಬಂದ ಅಳು ನನ್ನ ಉಗ್ಗಿಗಾಗಿ ಯಾವತ್ತೂ ಬಂದಿರಲಿಲ್ಲ.

ಆ ನೆಂಟರಿಗೆ ಆ ಮಾತು ನೆನಪಾದರೂ ಇದೆಯೋ ಇಲ್ಲವೋ. ಇದನ್ನು ಯೋಚಿಸುವಾಗ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗ ನೆನಪಾಗುತ್ತದೆ. ಥಾಮಸ್ ಗಿಲೋವಿಚ್ ಮತ್ತು ಜೊತೆಯವರು 2000ರಲ್ಲಿ ಅದನ್ನು ಪ್ರಕಟಿಸಿದರು. ಹಾಕಿಕೊಳ್ಳಲು ಮುಜುಗರವಾಗುವಂಥ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದ ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದ್ದು ಕಾಲು ಭಾಗದಷ್ಟು ಜನ ಮಾತ್ರ.

ಆದರೆ ಇದರಿಂದ ‘ನಿನ್ನನ್ನು ಯಾರೂ ನೋಡುವುದಿಲ್ಲ’ ಎಂಬ ತೀರ್ಮಾನಕ್ಕೆ ಬಂದರೆ ನಾನು ಒಪ್ಪುವುದಿಲ್ಲ. ಉಗ್ಗುವವನನ್ನು ಜನ ನೋಡುತ್ತಾರೆ. ಕೇಳಿಸುತ್ತದಲ್ಲ! ಬೇಲೂರಿನಂಥ ಊರಿನಲ್ಲಿ ಹೊಸ ಚಪ್ಪಲಿ ಹಾಕಿಕೊಂಡರೂ ಕೇಳುತ್ತಾರೆ. ನೋಡುತ್ತಾರೆ, ಆದರೆ ನಾನು ಅಂದುಕೊಂಡಷ್ಟು ಹೊತ್ತು ಅಲ್ಲ. ಬಸ್ಸಿನಲ್ಲಿ ತಿರುಗಿ ನೋಡಿದವರು ಮುಂದಿನ ಸ್ಟಾಪ್ ಬರುವಷ್ಟರಲ್ಲಿ ಮೊಬೈಲಿಗೆ ಮರಳಿರುತ್ತಾರೆ. ಆಮೇಲೆ ರಾತ್ರಿ ಮಲಗುವವರೆಗೆ ನನ್ನನ್ನು ನೋಡುತ್ತಾ ಕೂತವನು ನಾನೊಬ್ಬನೇ.

ಇದು ನನಗೆ ಓದಿ ಗೊತ್ತಾದದ್ದಲ್ಲ. ಚಿಕಿತ್ಸೆಯಲ್ಲಿ ಒಂದು ಅಭ್ಯಾಸ ಇದೆ. ಬೇಕಂತಲೇ ಉಗ್ಗಬೇಕು. ಅಪರಿಚಿತರ ಎದುರು, ಅವರ ಮುಖ ನೋಡುತ್ತಾ. ನಾನು ಹಾಸನದ ಕಟ್ಟಿನಕೆರೆ ಮಾರುಕಟ್ಟೆಯನ್ನು ಆರಿಸಿಕೊಂಡೆ. ಹತ್ತು ಅಂಗಡಿಯಲ್ಲಿ ಬೆಳ್ಳುಳ್ಳಿಯ ರೇಟು ಕೇಳಬೇಕಿತ್ತು. ಮೊದಲ ಅಂಗಡಿಯ ಮುಂದೆ ಕಾಲು ನಡುಗುತ್ತಿತ್ತು. ‘ಬೆ... ಬೆ... ಬೆಳ್ಳುಳ್ಳಿ ಎಷ್ಟು?’ ಅಂದೆ. ಆತ ತಲೆ ಎತ್ತದೆ ರೇಟು ಹೇಳಿದ. ಇನ್ನೊಬ್ಬ ಈರುಳ್ಳಿ ತೂಗುತ್ತಲೇ ಉತ್ತರ ಕೊಟ್ಟ. ಒಬ್ಬ ವಯಸ್ಸಾದ ಅಮ್ಮ ‘ನಿಧಾನಕ್ಕೆ ಹೇಳಪ್ಪ, ನಂಗೇನು ಅವಸರ ಇಲ್ಲ’ ಅಂದರು. ಒಬ್ಬ ಹುಡುಗ ನಕ್ಕ. ಹತ್ತರಲ್ಲಿ ಒಬ್ಬ. ಅಷ್ಟು ವರ್ಷ ನಾನು ಹತ್ತಕ್ಕೆ ಹತ್ತೂ ಜನ ನಗುತ್ತಾರೆ ಎಂದು ಲೆಕ್ಕ ಹಾಕಿದ್ದೆ.

ಆ ಹುಡುಗನ ನಗು ನೋಯಿಸಲಿಲ್ಲ ಎಂದು ಹೇಳಲಾರೆ. ಈಗಲೂ ಅಂಗಡಿಗೆ ಬರುವ ಒಬ್ಬರು ನನ್ನ ಹಾಗೆ ಮಾತಾಡಿ ತೋರಿಸುತ್ತಾರೆ. ಚುಚ್ಚುತ್ತದೆ. ಮೊದಲೆಲ್ಲ ಆ ಚುಚ್ಚು ವಾರಗಟ್ಟಲೆ ಇರುತ್ತಿತ್ತು. ಈಗ ಒಂದು ಟೀ ಕುಡಿಯುವಷ್ಟರಲ್ಲಿ ಕಡಿಮೆಯಾಗುತ್ತದೆ. ನನಗೆ ಇಷ್ಟೇ ಸಾಧ್ಯವಾಗಿದೆ. ಆದರೆ ಈ ‘ಇಷ್ಟೇ’ ನನ್ನ ಪಾಲಿಗೆ ತುಂಬ ದೊಡ್ಡದು.

ಇನ್ನೊಂದು ಹೇಳಬೇಕು. ಹುಡುಗನಾಗಿದ್ದಾಗ ಚೆನ್ನಕೇಶವ ದೇವಸ್ಥಾನದ ಗೈಡ್ ಆಗಬೇಕೆಂಬ ಆಸೆಯಿತ್ತು. ಜನ ಇಲ್ಲದ ಹೊತ್ತಿನಲ್ಲಿ ಗೋಡೆಯ ಎದುರು ನಿಂತು ಎಲ್ಲ ಒಪ್ಪಿಸುತ್ತಿದ್ದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, ಹೊರಗೆ 38 ಮದನಿಕೆಯರು, ಒಳಗೆ 4. ಒಂದು ತಡೆಯೂ ಇರುತ್ತಿರಲಿಲ್ಲ. ಯಾರಾದರೂ ಬಂದರೆ ಬಾಯಿ ಕಟ್ಟುತ್ತಿತ್ತು. ಹೋದ ದೀಪಾವಳಿಗೆ ಹೆಂಡತಿಯ ಅಣ್ಣನ ಮಗಳು ಬೆಂಗಳೂರಿನಿಂದ ಬಂದಿದ್ದಳು, ಎಂಟು ವರ್ಷ. ಅವಳಿಗೆ ದೇವಸ್ಥಾನ ತೋರಿಸಲು ನಾನೇ ಹೋದೆ. ದರ್ಪಣ ಸುಂದರಿಯ ಕೆಳಗೆ ನಿಂತು ‘ಮ... ಮ... ಮದನಿಕೆ’ ಎಂದು ಒದ್ದಾಡಿದೆ. ‘ಮಾವ, ನೀವ್ಯಾಕೆ ಹೀಗೆ ಮಾತಾಡ್ತೀರಿ?’ ಅಂದಳು. ‘ನಂಗೆ ಉಗ್ಗು ಇದೆ ಕಂದ. ಕೆಲವು ಮಾತು ತಡವಾಗಿ ಬರುತ್ತೆ’ ಅಂದೆ. ಆ ಪದವನ್ನು ನಾನೇ ನನ್ನ ಬಾಯಿಂದ ಇನ್ನೊಬ್ಬರಿಗೆ ಹೇಳಿದ್ದು ಜೀವನದಲ್ಲಿ ಬಹುಶಃ ನಾಲ್ಕನೇ ಸಲ. ಅವಳು ‘ಓ’ ಅಂದಳು. ಆಮೇಲೆ ಮೇಲೆ ಕೈ ತೋರಿಸಿ, ‘ಅವಳ ಕೈಲಿರೋ ಕನ್ನಡಿನೂ ಕಲ್ಲಿಂದೇನಾ?’ ಎಂದು ಕೇಳಿದಳು.

ಮೊನ್ನೆ ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ‘ಬೇ...’ ಎಂದು ನಿಂತೆ. ಪಕ್ಕದವರು ಸಹಾಯ ಮಾಡುವ ಮನಸ್ಸಿನಿಂದ ‘ಬೇಲೂರಾ?’ ಅಂದರು. ಕಂಡಕ್ಟರ್ ಮೆಷಿನ್ ಒತ್ತಲು ಹೊರಟ. ‘ಒಂದ್ನಿಮಿಷ, ನಾನೇ ಹೇಳ್ತೀನಿ’ ಅಂದೆ. ಆತ ಕಾದ. ನಾನು ಹೇಳಿದೆ. ಬೇಲೂರು. ಆತ ಟಿಕೆಟ್ ಹರಿದು ಕೊಟ್ಟು, ಚಿಲ್ಲರೆ ಎಣಿಸಿ ಕೈಗಿಟ್ಟು, ಹಿಂದಿನ ಸೀಟಿಗೆ ತಿರುಗಿದ. ‘ಆಧಾರ್ ತೋರ್ಸಿ ಅಮ್ಮ. ಎಲ್ಲಿಗೆ?’