ಸಂಘ ಅಂದರೆ ಧರಣಿ ಅಂದುಕೊಂಡಿದ್ದೆ

ಹೋದ ವರ್ಷ ಆಗಸ್ಟ್‌ನಲ್ಲಿ ನನ್ನ ಒಬ್ಬ ಹುಡುಗ ಕಾಲೇಜಿಗೆ ಹೋಗಲಿಲ್ಲ. ನನ್ನ ಹುಡುಗ ಅಂದರೆ ನನ್ನ ಪಟ್ಟಿಯಲ್ಲಿದ್ದ ಹುಡುಗ. ಸೀಟು ಸಿಕ್ಕಿತ್ತು. ಬಡ ಮಕ್ಕಳ ಓದಿಗೆ ಅಮೆರಿಕ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಬಂದಿತ್ತು, ಅದೂ ಪೂರ್ತಿ 7,395 ಡಾಲರ್. ಹಾಸ್ಟೆಲ್ ರೂಮೂ ಕೊಟ್ಟಿದ್ದರು. ಜುಲೈನಲ್ಲಿ ಕಾಲೇಜಿನ ಬಿಲ್ ಬಂತು. ಅದರಲ್ಲಿ ಆರೋಗ್ಯ ವಿಮೆ ಅಂತ ಒಂದು ಸಾಲು, ಎರಡು ಸಾವಿರ ಡಾಲರ್‌ಗೂ ಮೇಲೆ. ಆ ಹುಡುಗನಿಗೆ ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ಮೆಡಿಕೇಡ್, ಮೊದಲೇ ಇದೆ. ‘ನನಗೆ ಬೇರೆ ವಿಮೆ ಇದೆ, ಇದು ಬೇಡ’ ಅಂತ ಒಂದು ಫಾರಂ ತುಂಬಿದ್ದರೆ ಆ ಸಾಲನ್ನು ಬಿಲ್‌ನಿಂದ ತೆಗೆದುಬಿಡುತ್ತಿದ್ದರು. ಹಾಗೊಂದು ಫಾರಂ ಇದೆ ಅಂತ ನನಗೇ ಗೊತ್ತಿರಲಿಲ್ಲ. ಅವನು ಬಿಲ್ ನೋಡಿ, ಇದು ನಮ್ಮ ಕೈಲಾಗುವ ಮಾತಲ್ಲ ಅಂತ ಸುಮ್ಮನಾದ. ನನ್ನ ಮೆಸೇಜಿಗೂ ಉತ್ತರ ಕೊಡುವುದನ್ನು ನಿಲ್ಲಿಸಿದ.

ಒಹಾಯೊದ ಕೊಲಂಬಸ್‌ನಲ್ಲಿ ನನ್ನ ಕೆಲಸ ಇಷ್ಟೇ. ಬಡವರ ಮನೆಯ ಹೈಸ್ಕೂಲ್ ಮಕ್ಕಳನ್ನು ಕಾಲೇಜಿಗೆ ಸೇರಿಸುವುದು, ಸೇರಿದವರು ಮಧ್ಯದಲ್ಲಿ ಬಿಡದ ಹಾಗೆ ನೋಡಿಕೊಳ್ಳುವುದು. ಎಲ್ಲ ಸರಿಯಾಗಿ, ಸೀಟೂ ಸಿಕ್ಕಿ, ಕೊನೆಗೆ ಆಗಸ್ಟ್‌ನಲ್ಲಿ ಮಕ್ಕಳು ಕಾಲೇಜಿನ ಬಾಗಿಲಿಗೇ ಬಾರದೆ ಹೋಗುವುದಕ್ಕೆ ಇಲ್ಲಿ ‘ಸಮ್ಮರ್ ಮೆಲ್ಟ್’ ಅನ್ನುತ್ತಾರೆ. ಬೇಸಿಗೆಯಲ್ಲಿ ಕರಗಿಹೋಗುವುದು. ನಮ್ಮಲ್ಲೂ ಕರಗುತ್ತಾರೆ, ಅಲ್ವಾ? ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ತೆಗೆದ ಹುಡುಗಿಯ ಮದುವೆ ಊಟವನ್ನು ಮೇ ತಿಂಗಳಲ್ಲಿ ಉಂಡು ಬಂದವರು ನಾವೆಲ್ಲ.

ಆ ಹುಡುಗನ ವಿಷಯ ಆಗಿ ಒಂದು ತಿಂಗಳಿಗೆ ನಮ್ಮ ಕಚೇರಿ, ಇದೇ ಕೆಲಸ ಮಾಡುವ ಕಚೇರಿಗಳ ಒಂದು ಸಂಘಕ್ಕೆ ಸೇರಿತು. ನ್ಯಾಷನಲ್ ಕಾಲೇಜ್ ಅಟೇನ್‌ಮೆಂಟ್ ನೆಟ್‌ವರ್ಕ್, ಬಾಯಲ್ಲಿ ಎನ್‌ಕ್ಯಾನ್. 1995ರಲ್ಲಿ ಶುರುವಾದದ್ದು. ಸದಸ್ಯತ್ವ ಕಚೇರಿಯ ಹೆಸರಿನಲ್ಲಿ, ಅಲ್ಲಿ ಕೆಲಸ ಮಾಡುವವರೆಲ್ಲ ಸೇರಿದ ಹಾಗೆ. ‘ನೀನೂ ಮೀಟಿಂಗಿಗೆ ಬಾ’ ಅಂದರು. ನನಗೆ ಮನಸ್ಸಿರಲಿಲ್ಲ.

ಯಾಕೆಂದರೆ ನನಗೆ ಗೊತ್ತಿದ್ದ ಸಂಘ ಬೇರೆ. ಊರಲ್ಲಿ ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಆರು ವರ್ಷ ಅತಿಥಿ ಉಪನ್ಯಾಸಕಿ. ಪಾಠ ಮಾಡಿದಷ್ಟು ತಿಂಗಳಿಗೆ ಸಂಬಳ, ಅದೂ ಯಾವಾಗ ಬರುತ್ತದೋ ಆಗ. ಸಂಘ ಅಂದರೆ ಫ್ರೀಡಂ ಪಾರ್ಕಿನ ಬಿಸಿಲು, ಸೇವಾ ಭದ್ರತೆಯ ಬ್ಯಾನರ್, ಮಂತ್ರಿಗಳಿಗೆ ಮನವಿ ಪತ್ರ. ಕಾಯಂ ಆದವರ ಸಂಘದಲ್ಲಿ ವೇತನ ಶ್ರೇಣಿ, ವರ್ಗಾವಣೆ, ತುಟ್ಟಿಭತ್ಯೆ. ನವೆಂಬರ್ ಬಂದರೆ ರಾಜ್ಯೋತ್ಸವ. ಇಲ್ಲಿಗೆ ಬಂದ ಮೇಲೆ ಕನ್ನಡ ಕೂಟ, ಯುಗಾದಿಯ ಹೋಳಿಗೆ. ಮಕ್ಕಳಿಗೆ ಸ್ಕಾಲರ್‌ಶಿಪ್ ಹೇಗೆ ಕೊಡಿಸಬೇಕು ಅಂತ ಮಾತಾಡಲು ಒಂದು ಸಂಘ ಸೇರುವುದನ್ನು ನಾನು ಕಂಡಿರಲಿಲ್ಲ.

ಜೂಮ್‌ನಲ್ಲಿ ನಲವತ್ತು ಮುಖ. ನಡೆಸುತ್ತಿದ್ದವರು ಕೇಳಿದ ಮೊದಲ ಪ್ರಶ್ನೆ, ‘ಈ ಬೇಸಿಗೆಯಲ್ಲಿ ನಿಮ್ಮಿಂದ ಏನು ತಪ್ಪಿತು?’ ನಾನು ಕ್ಯಾಮೆರಾ ಆಫ್ ಮಾಡಿದೆ. ಅಷ್ಟರಲ್ಲಿ ಟೆಕ್ಸಾಸ್‌ನ ಒಬ್ಬ ಹೆಂಗಸು ಮಾತಾಡಿದರು. ಎರಡು ವರ್ಷದ ಹಿಂದೆ ಏಳು ಮಕ್ಕಳನ್ನು ಕಳೆದುಕೊಂಡೆವು, ಆರೋಗ್ಯ ವಿಮೆಯ ಬಿಲ್ ಕಾರಣ, ಆ ಫಾರಂ ನಮಗೇ ಗೊತ್ತಿರಲಿಲ್ಲ ಅಂದರು. ನನ್ನ ಮಾತನ್ನೇ ಅವರು ಹೇಳಿದ ಹಾಗಿತ್ತು. ನಾನು ಕ್ಯಾಮೆರಾ ಆನ್ ಮಾಡಿ, ನನಗೂ ಹೀಗೇ ಆಯಿತು ಅಂದೆ. ಮೀಟಿಂಗ್ ಮುಗಿಯುವುದರೊಳಗೆ ಅವರ ಫೈಲ್ ನನ್ನ ಈಮೇಲ್‌ನಲ್ಲಿತ್ತು. ಮೇ 15ರಿಂದ ಆಗಸ್ಟ್ 31ರವರೆಗೆ ವಾರಕ್ಕೊಂದು ಸಾಲು. ಯಾವ ವಾರ ಹಾಸ್ಟೆಲ್ ಡಿಪಾಸಿಟ್, ಯಾವ ವಾರ ಲಸಿಕೆ ಕಾರ್ಡು, ಯಾವ ವಾರ ವಿಮೆಯ ಫಾರಂ. ಪಕ್ಕದಲ್ಲಿ ಹುಡುಗರಿಗೆ ಕಳಿಸಬೇಕಾದ ಮೆಸೇಜ್ ಕೂಡ ಬರೆದೇ ಇತ್ತು, ಇಂಗ್ಲಿಷ್‌ನಲ್ಲಿ ಒಂದು, ಸ್ಪ್ಯಾನಿಷ್‌ನಲ್ಲಿ ಒಂದು. ‘ನಿನ್ನ ಕಾಲೇಜುಗಳ ಹೆಸರು ಹಾಕಿಕೋ, ತಪ್ಪಿದ್ದರೆ ತಿದ್ದಿ ನನಗೂ ಕಳಿಸು’ ಅಂತ ಒಂದು ಸಾಲು.

ಅವತ್ತು ರಾತ್ರಿ ನನಗೆ ಖುಷಿಗಿಂತ ಸಿಟ್ಟು ಜಾಸ್ತಿ ಬಂತು. ಸಿಟ್ಟು ಊರಿನ ಮೇಲೆ.

ನನ್ನ ಹಳೆಯ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ವಿಷಯ ಗೊತ್ತಿದ್ದ ಗುಮಾಸ್ತರು ಒಬ್ಬರೇ. ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ, ಮಂಜೂರೂ ಆಗಿ, ದುಡ್ಡು ಮಾತ್ರ ಬಾರದ ಮಕ್ಕಳು ಪ್ರತಿ ವರ್ಷ ಕೌಂಟರಿನ ಮುಂದೆ ನಿಂತಿರುತ್ತಿದ್ದರು. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರುತ್ತಿರಲಿಲ್ಲ. ಖಾತೆಗೆ ಆಧಾರ್ ಜೋಡಿಸಿದರೆ ಸಾಲದು, ಸೀಡಿಂಗ್, ಅಂದರೆ ಸರ್ಕಾರದ ದುಡ್ಡು ಈ ಖಾತೆಗೇ ಬರಲಿ ಅಂತ ಗುರುತು ಮಾಡಿಸುವುದು, ಬೇರೆಯೇ ಆಗಬೇಕು, ಅದಕ್ಕೆ ಬ್ಯಾಂಕಿನಲ್ಲಿ ಬೇರೆ ಅರ್ಜಿ ಕೊಡಬೇಕು. ಈ ಒಂದು ಮಾತು ಗೊತ್ತಿಲ್ಲದೆ ಹುಡುಗಿಯರು ಬ್ಯಾಂಕಿಗೂ ಸೈಬರ್ ಸೆಂಟರಿಗೂ ನಾಲ್ಕು ಸಲ ಬಸ್ಸಿನಲ್ಲಿ ಓಡಾಡಿದ್ದನ್ನು ನೋಡಿದ್ದೇನೆ. ಒಂದು ಕಾಗದದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕೋಣ ಅಂತ ನಾನು ಕೇಳಿದಾಗ ಆ ಗುಮಾಸ್ತರು ಹೇಳಿದ್ದು, ‘ಅದೆಲ್ಲ ನಮಗೆ ಬಿಡಿ ಮೇಡಂ.’ ಅವರಿಗೆ ವರ್ಗ ಆಯಿತು. ಗೊತ್ತಿದ್ದದ್ದೆಲ್ಲ ಅವರ ಜೊತೆಗೇ ಹೋಯಿತು. ಮುಂದಿನ ವರ್ಷದ ಮಕ್ಕಳು ಮತ್ತೆ ಮೊದಲಿಂದ ಶುರು ಮಾಡಿದರು.

ಪಕ್ಕದ ತಾಲ್ಲೂಕಿನ ಕಾಲೇಜಿನಲ್ಲೂ ಇದೇ ತೊಂದರೆ ಇದ್ದೇ ಇರಬೇಕು. ನಾವು ಅವರನ್ನು ಒಮ್ಮೆಯೂ ಕೇಳಲಿಲ್ಲ, ಅವರೂ ಕೇಳಲಿಲ್ಲ.

ನಮಗೆ ಮಕ್ಕಳನ್ನು ಓದಿಸುವ ಮನಸ್ಸಿಲ್ಲ ಅಂತಲ್ಲ. ವಾರಾನ್ನ ಹಾಕಿ ಓದಿಸಿದ ನಾಡು ನಮ್ಮದು. ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಪುಕ್ಕಟೆ ಉಂಡು ಓದುತ್ತಾರೆ. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಮೇಷ್ಟ್ರುಗಳು ಸೇರಿ ಕೆಎಲ್‌ಇ ಕಟ್ಟಿದರು. ಇದೇ ಒಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ಬಡ ಮಕ್ಕಳ ಕಾಲೇಜು ದುಡ್ಡಿಗಾಗಿ ಒಂದು ಸಂಸ್ಥೆ ಶುರುವಾದದ್ದು 1967ರಲ್ಲಿ. ಅನ್ನ ಹಾಕುವುದರಲ್ಲಿ ನಾವು ಮುಂದೆ. ಅನ್ನ ಹಾಕುವವರೆಲ್ಲ ಒಂದು ಕಡೆ ಕೂತು, ನಿನ್ನ ಹುಡುಗ ಯಾಕೆ ಓದು ಬಿಟ್ಟ, ನನ್ನವಳು ಯಾಕೆ ಬಿಟ್ಟಳು ಅಂತ ಮಾತಾಡಿಕೊಳ್ಳುವುದು ಮಾತ್ರ ನಮಗೆ ರೂಢಿಯಿಲ್ಲ. ಎನ್‌ಕ್ಯಾನ್ ಹೆಸರಿನಲ್ಲಿ ಮೊದಲು ‘ಆಕ್ಸೆಸ್’ ಅಂತ ಇತ್ತಂತೆ, ಅಂದರೆ ಸೇರಿಸುವುದು. ಆಮೇಲೆ ಅದನ್ನು ತೆಗೆದು ‘ಅಟೇನ್‌ಮೆಂಟ್’ ಮಾಡಿದರು, ಅಂದರೆ ಮುಗಿಸುವುದು. ಸೇರಿಸಿದರೆ ಸಾಲದು, ಡಿಗ್ರಿ ಕೈಗೆ ಬರಬೇಕು ಅಂತ ಸಂಘವೇ ತನ್ನ ಹೆಸರು ತಿದ್ದಿಕೊಂಡಿತು. ನಮ್ಮ ಹಾಸ್ಟೆಲ್‌ಗಳ ವಾರ್ಷಿಕ ವರದಿಯಲ್ಲಿ ಎಷ್ಟು ಜನ ಸೇರಿದರು ಅಂತ ಓದಿದ್ದೇನೆ. ಎಷ್ಟು ಜನ ಮುಗಿಸಿದರು ಅಂತ ಓದಿದ ನೆನಪಿಲ್ಲ.

ಒಂದೇ ಕಡೆ ಕೂರುವುದರ ಬೆಲೆ ನನಗೆ ಇನ್ನೊಂದು ಸಲವೂ ತಿಳಿಯಿತು. ಫಾಫ್ಸಾ ಅನ್ನುವ ಅರ್ಜಿ ತುಂಬದೆ ಇಲ್ಲಿ ಸರ್ಕಾರದ ದುಡ್ಡು ಬರುವುದಿಲ್ಲ. ಅದು ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಹೊಸ ಫಾರಂ ಮಾಡುತ್ತೇವೆ ಅಂತ ಹೋಗಿ 2023ರಲ್ಲಿ ತೆರೆದದ್ದು ಡಿಸೆಂಬರ್ ಕೊನೆಗೆ. ನಮ್ಮ ಆಧಾರ್ ನಂಬರಿನ ಹಾಗೆ ಇಲ್ಲಿರುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ತಂದೆತಾಯಿಯ ಮಕ್ಕಳಿಗೆ ಎಷ್ಟೋ ವಾರ ಅರ್ಜಿ ಮುಗಿಸಲಿಕ್ಕೇ ಆಗಲಿಲ್ಲ. ಆ ಚಳಿಗಾಲ ನಾವು ಸದಸ್ಯರಾಗಿರಲಿಲ್ಲ. ತಪ್ಪು ನಮ್ಮದೇ ಇರಬೇಕು ಅಂದುಕೊಂಡು, ಒಬ್ಬ ತಾಯಿಯನ್ನು ಪಕ್ಕ ಕೂರಿಸಿಕೊಂಡು ಒಂದೇ ಪುಟವನ್ನು ಮೂರು ಶನಿವಾರ ತುಂಬಿದೆ. ಆಕೆ ಪ್ರತಿ ಸಲವೂ ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ಎಲ್ಲ ರಾಜ್ಯಗಳಲ್ಲೂ ಹೀಗೇ ನಿಂತಿದೆ, ಕಾಯಿರಿ ಅಂತ ಒಬ್ಬರು ಹೇಳಿದ್ದರೆ ಆಕೆಯ ಎರಡು ದಿನದ ಕೂಲಿಯಾದರೂ ಉಳಿಯುತ್ತಿತ್ತು.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಹೇಳದೆ ಇರಲಾರೆ. ಹೇಳಲು ಮನಸ್ಸಿಲ್ಲ, ಆದರೂ ನಿಜ. ನಮ್ಮ ಕಚೇರಿಯಲ್ಲಿ ಎಂಟು ಜನ ಇದ್ದೇವೆ. ಮೂರು ವರ್ಷದ ಹಿಂದೆ ಇದ್ದವರಲ್ಲಿ ಉಳಿದಿರುವುದು ನಾನು ಮತ್ತು ಇನ್ನೊಬ್ಬಳು. ಸಂಬಳ ಕಡಿಮೆ. ಚುರುಕಾದ ಹುಡುಗ ಹುಡುಗಿಯರು ಬರುತ್ತಾರೆ, ಎರಡು ವರ್ಷ ಪ್ರಾಣ ಕೊಟ್ಟು ಕೆಲಸ ಮಾಡುತ್ತಾರೆ, ಹೋಗುತ್ತಾರೆ. ಟೆಕ್ಸಾಸ್‌ನ ಫೈಲ್ ಅಷ್ಟು ಚೊಕ್ಕಟವಾಗಿ ಇರುವುದಕ್ಕೆ ಒಂದು ಕಾರಣ ಇದೂ ಇರಬೇಕು. ಮುಂದಿನ ವರ್ಷ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಗೊತ್ತಿಲ್ಲ, ಅದಕ್ಕೇ ಎಲ್ಲವನ್ನೂ ಬರೆದಿಡಲೇಬೇಕು. ಈ ಸಂಬಳದ ಮಾತು ಆಡುವ ಸಂಘ ಎನ್‌ಕ್ಯಾನ್ ಅಲ್ಲ. ಬ್ಯಾನರ್ ಹಿಡಿದು ಬಿಸಿಲಲ್ಲಿ ಕೂತ ನಮ್ಮ ಸಂಘ ಕೇಳುತ್ತಿದ್ದದ್ದು ಅದನ್ನೇ ಅಲ್ವಾ?

ನನ್ನನ್ನು ಓದಿಸಿದವರು ತಿಪಟೂರು ಕಡೆಯ ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರು. ಒಂದೇ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದರು. ಎಸ್‌ಎಸ್‌ಎಲ್‌ಸಿ ಆದ ಬೇಸಿಗೆಯಲ್ಲಿ ಸೈಕಲ್ ತುಳಿದುಕೊಂಡು ಮನೆಗೆ ಬಂದರು. ಜಗಲಿ ಮೇಲೆ ಕೂತು, ಕಾಫಿ ಕುಡಿದು, ಕೊಬ್ಬರಿ ರೇಟು ಮಾತಾಡಿ, ಏಳುವಾಗ ಅಪ್ಪನಿಗೆ ಹೇಳಿದರು, ‘ಇವಳನ್ನ ಓದ್ಸಿ. ಬಸ್ ಪಾಸ್ ನಾನು ನೋಡ್ಕೋತೀನಿ.’ ಅಪ್ಪ ತಲೆ ಅಲ್ಲಾಡಿಸಿದರು, ಅಷ್ಟೇ. ಇಲ್ಲಿ ನಮ್ಮ ಕಚೇರಿಯ ನಿಯಮದಲ್ಲಿ ಹುಡುಗರ ಮನೆಗೆ ಹೋಗುವ ಹಾಗಿಲ್ಲ. ಮೆಸೇಜ್ ಮೂರು, ಫೋನ್ ಎರಡು, ಆಮೇಲೆ ಪಟ್ಟಿಯಲ್ಲಿ ‘ಉತ್ತರವಿಲ್ಲ’ ಅಂತ ಬರೆಯುವುದು.

ದೀಪಾವಳಿಗೆ ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಈಗ ಎಂಬತ್ತರ ಹತ್ತಿರ. ಸಂಘದ ವಿಷಯ, ಫೈಲ್ ವಿಷಯ ಎಲ್ಲ ಖುಷಿಯಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಒಳ್ಳೇದಾಯ್ತು ಕಣಮ್ಮ ಅಂದರು. ಆಮೇಲೆ ಕೇಳಿದರು, ‘ಆ ಹುಡುಗ ಈಗ ಏನ್ ಮಾಡ್ತಿದ್ದಾನೆ?’

ನನಗೆ ಗೊತ್ತಿರಲಿಲ್ಲ.

ಮಾರನೆ ದಿನ ಸಂಜೆ ಅವನ ತಾಯಿಯ ನಂಬರಿಗೆ ಮಾಡಿದೆ. ಅವನೇ ಎತ್ತಿಕೊಂಡ. ಒಂದು ಗೋಡೌನ್‌ನಲ್ಲಿ ರಾತ್ರಿ ಪಾಳಿಯಂತೆ. ವಿಮೆಯ ಫಾರಂ ವಿಷಯ ಹೇಳಿ, ತಪ್ಪು ನನ್ನದು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಜನವರಿಯಲ್ಲಿ ಸೇರಬಹುದಾ ಅಂತ ಕೇಳಿದ. ಸೇರಬಹುದು ಅಂದೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವರ ಮನೆ ಹತ್ತಿರದ ಲೈಬ್ರರಿಗೆ ನಾನೇ ಹೋಗುತ್ತೇನೆ. ಅವನ ತಾಯಿಯೂ ಬರುತ್ತಾರಂತೆ.